‘ಕೆಂಪು ಮನೆ’ಯ ಹಾಡುಗಾರ ಜಿಮಿ ಹೆಂಡ್ರಿಕ್ಸ್

ನಾವು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಸಂಜೆಯ ಹೊತ್ತಿಗೆ ಮೂಲೆಯ ಮೇಜಿಗೆ ಬಂದು ಕುಳಿತುಕೊಳ್ಳುವ ನಾಲ್ವರು ಕಾಲೇಜು ತರುಣರಿದ್ದರು. ಎರಡು ಕಾಫಿಯನ್ನು ನಾಲ್ವರು ಹಂಚಿಕೊಂಡು ಒಂದು ಗಂಟೆಯ ಕಾಲ ಮೇಜು ಬಿಟ್ಟು ಏಳುತ್ತಿರಲಿಲ್ಲವಾದುದರಿಂದ ಅವರ ಮೇಲೆ ನಮಗೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಅವರ ವಾದವೆಲ್ಲವೂ ಒಂದೇ ಹಾಡನ್ನು ಕುರಿತದ್ದು. ಒಬ್ಬನು ಸ್ಯಾನ್ ಡಿಯೇಗೋದ ರಾತ್ರಿಯೇ ಶ್ರೇಷ್ಠವೆನ್ನುವನು, ಇನ್ನೊಬ್ಬನು ನ್ಯೂಯಾರ್ಕಿನದೆನ್ನುವನು, ಮೂರನೆಯವನು ಲಂಡನ್ನಿನದನ್ನು ಎತ್ತಿ ಹಿಡಿಯುವನು. ಹಾಡು ಒಂದೇ, ಹಾಡಿದವನೂ ಒಬ್ಬನೇ. ರಾತ್ರಿಗಳು ಮಾತ್ರ ಬೇರೆ. ಮೊದಮೊದಲು ಇದು ನಮಗೆ ಹುಡುಗಾಟವಾಗಿ ತೋರಿತು. ಬಳಿಕ, ಊರಿನಲ್ಲಿ ಆಟ ಮುಗಿದ ಮರುದಿನ ನಮ್ಮ ಹಿರಿಯರು ಕಟ್ಟೆಯ ಮೇಲೆ ಕುಳಿತು, ಅದೇ ಭಾಗವತರು ಅದೇ ಪದವನ್ನು ಹಿಂದಿನ ವಾರ ಪಕ್ಕದೂರಿನಲ್ಲಿ ಹೇಗೆ ಹೇಳಿದ್ದರೆಂದು ವಾದಿಸುತ್ತಿದ್ದುದು ನೆನಪಾಯಿತು. ಆ ತರುಣರಿಂದಲೇ ಧ್ವನಿಮುದ್ರಿಕೆಗಳನ್ನು ಕೇಳಿ ಪಡೆದು, ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿದ ಮೇಲೆ ಒಂದೊಂದಾಗಿ ಆಲಿಸಿದೆವು. ಇಂದು ವಾಚಕರ ಮುಂದಿಡುತ್ತಿರುವುದು ಆ ಹಾಡುಗಾರನ ಚರಿತ್ರೆಯನ್ನು.

ಆತನ ಹೆಸರು ಜಿಮಿ ಹೆಂಡ್ರಿಕ್ಸ್. ೧೯೭೦ರಲ್ಲಿ, ತನ್ನ ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ವೇದಿಕೆಯ ಮೇಲೆ ಗಿಟಾರಿಗೆ ಬೆಂಕಿಯಿಟ್ಟವನೆಂದೂ ಹಲ್ಲಿನಿಂದ ತಂತಿ ಮೀಟಿದವನೆಂದೂ ಲೋಕವು ಆತನನ್ನು ನೆನೆಯುತ್ತದೆ. ಆ ನೆನಪು ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಆತನ ನಿಜವಾದ ದುಡಿಮೆಯನ್ನು ತಿಳಿಯಬೇಕಾದರೆ ‘ರೆಡ್ ಹೌಸ್’, ಎಂದರೆ ‘ಕೆಂಪು ಮನೆ’, ಎಂಬ ಬ್ಲೂಸ್ ಹಾಡಿನ ಬಳಿಗೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯ.

ಬ್ಲೂಸ್ ಎಂಬುದು ಅಮೇರಿಕದ ದಕ್ಷಿಣ ಸಂಸ್ಥಾನಗಳ ಹತ್ತಿಯ ಸೀಮೆಯಲ್ಲಿ ದುಡಿಯುತ್ತಿದ್ದ ಕಪ್ಪು ಜನಾಂಗದವರ ನಡುವೆ, ಗುಲಾಮಗಿರಿ ತೊಲಗಿದ ನಂತರದ ದಶಕಗಳಲ್ಲಿ ಬೆಳೆದು ಬಂದ ಗಾನಪದ್ಧತಿ. ಅದರ ಕಟ್ಟು ಬಹಳ ಸರಳವಾದುದು. ಹನ್ನೆರಡು ಆವರ್ತಗಳ ಒಂದು ಸುತ್ತು. ಆ ಸುತ್ತಿಗೆ ಮೂರೇ ಸ್ವರಮೇಳಗಳು. ಹಾಡುಗಾರನು ಒಂದು ಸಾಲನ್ನು ಹಾಡಿ, ಅದನ್ನೇ ಇನ್ನೊಮ್ಮೆ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾನೆ. ಸಾಲು ಸಾಲುಗಳ ನಡುವೆ ಉಳಿದ ಎಡೆಯಲ್ಲಿ ವಾದ್ಯವು ಮಾತನಾಡುತ್ತದೆ. ಸುತ್ತು ಮುಗಿದೊಡನೆ ಮತ್ತೆ ಮೊದಲಿನಿಂದ. ಇಷ್ಟು ಸಣ್ಣ ಅಂಗಳದಲ್ಲಿ ಅಡಗಿಕೊಳ್ಳಲು ಸ್ಥಳವಿಲ್ಲ. ವಿದ್ಯೆಯಿಲ್ಲದವನ ಬಣ್ಣವು ಎರಡನೆಯ ಸುತ್ತಿಗೇ ಬಯಲಾಗುತ್ತದೆ.

‘ಕೆಂಪು ಮನೆ’ಯ ಕಥೆಯೂ ಸಣ್ಣದೇ. ಬಹುದಿನ ದೂರವಿದ್ದ ಒಬ್ಬನು ತನ್ನ ನಲ್ಲೆಯ ಮನೆಗೆ ಮರಳಿ ಬರುತ್ತಾನೆ. ಕೈಯಲ್ಲಿರುವ ಬೀಗದ ಕೈ ಬಾಗಿಲಿಗೆ ಹೊಂದುವುದಿಲ್ಲ. ಆಕೆ ಈಗ ಅಲ್ಲಿಲ್ಲವೆಂದು ಆತನಿಗೆ ಹೊಳೆಯುತ್ತದೆ. ಗಿಟಾರು ಹೇಗೂ ಜೊತೆಗಿದೆಯಷ್ಟೆ ಎಂದು ಸಮಾಧಾನ ತಂದುಕೊಂಡು ಬಂದ ದಾರಿಗೆ ತಿರುಗುತ್ತಾನೆ. ಕೊನೆಯಲ್ಲಿ ಅವಳಿಲ್ಲದಿದ್ದರೆ ಅವಳ ಸಹೋದರಿಯಾದರೂ ಇರುವಳೆಂದು ಒಂದು ತುಂಟತನದ ಮಾತೂ ಇದೆ. ಅಳುವಿನ ನಡುವೆ ನಗುವನ್ನು ಸೇರಿಸುವುದು ಬ್ಲೂಸಿನ ಸ್ವಭಾವ. ವರ್ಷಕ್ಕೊಮ್ಮೆ ರಜೆ ಸಿಕ್ಕಿ ಊರಿಗೆ ಹೋಗುವ ನಮ್ಮ ವಾಚಕರಿಗೆ, ಆ ಬಾಗಿಲಿನ ಮುಂದೆ ನಿಂತವನ ಸ್ಥಿತಿಯನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ.

ಹೆಂಡ್ರಿಕ್ಸನು ೧೯೪೨ನೆಯ ಇಸವಿ ನವೆಂಬರ್ ೨೭ರಂದು ಅಮೇರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದಲ್ಲಿ ಜನಿಸಿದನು. ತಾಯಿ ಲೂಸಿಲ್‌ಳಿಗೆ ಆಗ ಹದಿನೇಳು ವರ್ಷ. ತಂದೆ ಆಲ್ ಹೆಂಡ್ರಿಕ್ಸನು ಯುದ್ಧಕಾಲದ ಸೈನ್ಯದಲ್ಲಿದ್ದನು. ಮಗು ಹುಟ್ಟಿದಾಗ ಆತನಿಗೆ ರಜೆ ದೊರೆಯಲಿಲ್ಲ; ಅಷ್ಟೇ ಅಲ್ಲ, ಹೇಳದೆ ಕೇಳದೆ ಊರಿಗೆ ಓಡಿಹೋದಾನೆಂಬ ಶಂಕೆಯಿಂದ ಅಧಿಕಾರಿಗಳು ಆತನನ್ನು ಕೂಡಿಹಾಕಿದರು. ತಂದೆಯು ಮಗನ ಮುಖವನ್ನು ಕಂಡುದು ಯುದ್ಧ ಮುಗಿದ ೧೯೪೫ರಲ್ಲಿ, ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ಮಗುವನ್ನು ಸಾಕುತ್ತಿದ್ದ ಪರರ ಮನೆಯಲ್ಲಿ. ಜಾನಿ ಅಲೆನ್ ಎಂದಿದ್ದ ಹೆಸರನ್ನು ಮರುವರ್ಷ ಜೇಮ್ಸ್ ಮಾರ್ಷಲ್ ಎಂದು ಬದಲಾಯಿಸಿದನು. ಸಂಸಾರವು ನೆಲೆ ನಿಲ್ಲಲಿಲ್ಲ. ೧೯೫೧ರಲ್ಲಿ ತಂದೆ ತಾಯಿಗಳು ವಿಚ್ಛೇದನ ಪಡೆದರು. ೧೯೫೮ರ ಫೆಬ್ರವರಿಯಲ್ಲಿ ತಾಯಿ ತೀರಿಕೊಂಡಳು; ತಂದೆಯು ಮಕ್ಕಳನ್ನು ಅಂತ್ಯಕ್ರಿಯೆಗೆ ಕರೆದೊಯ್ಯಲಿಲ್ಲ. ಹದಿನೈದು ವರ್ಷದ ಹುಡುಗನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬೆಳೆದನು.

ತಂದೆಯು ಕಂಡವರ ತೋಟ ಅಂಗಳಗಳನ್ನು ಚೊಕ್ಕಟ ಮಾಡುವ ಕೂಲಿಯಿಂದ ಜೀವಿಸುತ್ತಿದ್ದನು. ಹುಡುಗನಿಗೆ ವಾದ್ಯವಿರಲಿಲ್ಲ, ಕಸಪೊರಕೆಯನ್ನೇ ಗಿಟಾರೆಂದು ಎದೆಗವಚಿಕೊಂಡು ಮೀಟುತ್ತಿದ್ದನು. ೧೯೫೭ರಲ್ಲಿ ತಂದೆಯೊಡನೆ ಒಬ್ಬ ವೃದ್ಧೆಯ ಮನೆಯ ಹಳೆಯ ಸಾಮಾನುಗಳನ್ನು ಹೊರಹಾಕುವ ಕೆಲಸಕ್ಕೆ ಹೋದಾಗ, ಕಸದ ರಾಶಿಯಲ್ಲಿ ಒಂದೇ ತಂತಿಯಿದ್ದ ಉಕುಲೇಲಿ ಎಂಬ ಪುಟ್ಟ ವಾದ್ಯ ದೊರಕಿತು. ಆ ಒಂದು ತಂತಿಯ ಮೇಲೆಯೇ ಕೇಳಿದ ಹಾಡುಗಳನ್ನು ಹುಡುಕಿ ಹುಡುಕಿ ನುಡಿಸಿದನು. ಮರುವರ್ಷ ಐದು ಡಾಲರಿಗೆ ಒಂದು ಹಳೆಯ ಗಿಟಾರು, ಅದರ ಮರುವರ್ಷ ವಿದ್ಯುತ್ ಗಿಟಾರು. ಆತನು ಎಡಚ. ಬಲಗೈಯವರಿಗೆಂದು ಮಾಡಿದ ಗಿಟಾರನ್ನು ತಿರುಗಿಸಿ ಹಿಡಿದು, ತಂತಿಗಳನ್ನು ಅದಕ್ಕೆ ತಕ್ಕಂತೆ ಮರಳಿ ಕಟ್ಟಿಕೊಂಡು ನುಡಿಸುತ್ತಿದ್ದನು. ಗುರುಗಳೆಂದರೆ ಮಡ್ಡಿ ವಾಟರ್ಸ್, ಬಿ. ಬಿ. ಕಿಂಗ್, ಹೌಲಿನ್ ವುಲ್ಫ್ ಮುಂತಾದ ಬ್ಲೂಸ್ ಗಾಯಕರ ತಟ್ಟೆಗಳು. ಹೈಸ್ಕೂಲು ಪೂರ್ತಿಯಾಗಲಿಲ್ಲ. ಎಸ್.ಎಸ್.ಎಲ್.ಸಿ.ಗೆ ನಿಂತ ನಮಗೆ ಅದನ್ನು ಬರೆಯುವಾಗ ಸ್ವಲ್ಪ ಧೈರ್ಯ ಬಂದಂತಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಕದ್ದ ಮೋಟಾರುಗಳಲ್ಲಿ ತಿರುಗುತ್ತಿದ್ದನೆಂದು ಪೋಲೀಸರು ಎರಡು ಸಲ ಹಿಡಿದಾಗ, ಸೆರೆಮನೆಗೆ ಬದಲಾಗಿ ಸೈನ್ಯವನ್ನು ಆರಿಸಿಕೊಂಡನು. ೧೯೬೧ರ ಮೇ ತಿಂಗಳಲ್ಲಿ ಸೇರಿ, ಕೆಂಟಕಿಯ ಫೋರ್ಟ್ ಕ್ಯಾಂಪ್ಬೆಲ್ಲಿನಲ್ಲಿ ಪ್ಯಾರಾಶೂಟ್ ದಳದ ತರಬೇತಿ ಪಡೆದನು. ಅಲ್ಲಿಗೂ ತಂದೆಯಿಂದ ಗಿಟಾರನ್ನು ತರಿಸಿಕೊಂಡನು. ಸಿಪಾಯಿಯಾಗಿ ಆತನಿಂದ ಯಾರಿಗೂ ಸಂತೋಷವಾಗಲಿಲ್ಲ, ೧೯೬೨ರಲ್ಲಿ ಬಿಡುಗಡೆಯಾಯಿತು. ಆದರೆ ಅಲ್ಲಿ ದೊರೆತ ಸ್ನೇಹಿತ, ಮಂದ್ರದ ಬಾಸ್ ಗಿಟಾರು ನುಡಿಸುವ ಬಿಲ್ಲಿ ಕಾಕ್ಸ್, ಮುಂದೆ ಕೊನೆಯವರೆಗೆ ಜೊತೆಯಾದನು.

ಅನಂತರದ ನಾಲ್ಕು ವರ್ಷಗಳನ್ನು ನಮ್ಮ ವಾಚಕರು ಬಲ್ಲರು. ಊರು ಬೇರೆ, ವೃತ್ತಿ ಬೇರೆ, ಅಷ್ಟೆ. ನ್ಯಾಶ್‌ವಿಲ್ಲಿನಿಂದ ಹೊರಟು, ಕಪ್ಪು ಜನಾಂಗದವರಿಗೆಂದೇ ಇದ್ದ ದಕ್ಷಿಣದ ನಾಟ್ಯಶಾಲೆಗಳಲ್ಲಿ ಇತರರ ಹಿಂದೆ ನಿಂತು ನುಡಿಸಿದನು. ೧೯೬೪ರಲ್ಲಿ ಐಸ್ಲೀ ಬ್ರದರ್ಸ್ ಅವರ ಬಳಿ, ಬಳಿಕ ಲಿಟ್ಲ್ ರಿಚರ್ಡನ ಬಳಿ ಕೆಲಸ. ಯಜಮಾನನಿಗಿಂತ ಹೆಚ್ಚು ಬೆಡಗಿನ ಅಂಗಿ ತೊಡುತ್ತಾನೆಂದೂ, ಹೊತ್ತಿಗೆ ಸರಿಯಾಗಿ ಬರುವುದಿಲ್ಲವೆಂದೂ ಅಲ್ಲಿಂದ ಕೆಲಸ ಹೋಯಿತು. ಎರಡನೆಯ ದೂರು ನಿಜವಾಗಿದ್ದಿರಬೇಕು. ಹೊತ್ತಿಗೆ ಬಾರದ ಕೆಲಸಗಾರನನ್ನು ಇಟ್ಟುಕೊಂಡು ಹೋಟೆಲು ನಡೆಸಿದ ನಮಗೆ ಯಜಮಾನನ ಸಂಕಟವೂ ಗೊತ್ತು.

೧೯೬೫ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಎಡ್ ಚಾಲ್ಪಿನ್ ಎಂಬ ಧ್ವನಿಮುದ್ರಣದ ವ್ಯಾಪಾರಿಯು ಒಂದು ಕರಾರನ್ನು ಮುಂದಿಟ್ಟನು. ಮೂರು ವರ್ಷಗಳ ದುಡಿಮೆಯ ಹಕ್ಕಿಗೆ ಮುಂಗಡ ಒಂದು ಡಾಲರು, ಮಾರಾಟದ ಮೇಲೆ ನೂರಕ್ಕೆ ಒಂದರಂತೆ ಗೌರವಧನ. ಹೆಂಡ್ರಿಕ್ಸನು ಸಹಿ ಹಾಕಿದನು. ಓದದೆ ಸಹಿ ಹಾಕುವುದೆಂದರೇನೆಂಬುದನ್ನು ನಾವೂ ಒಮ್ಮೆ ಹೋಟೆಲಿನ ಜಾಗದ ಕರಾರಿನಲ್ಲಿ ಕಲಿತಿದ್ದೇವೆ. ಆ ಮಾತು ಇಲ್ಲಿ ಬೇಡ. ಈ ಕಾಗದವು ಆತನನ್ನು ಸಾಯುವವರೆಗೂ ಬಿಡಲಿಲ್ಲವೆಂಬುದು ಮಾತ್ರ ನೆನಪಿರಲಿ.

೧೯೬೬ರ ಬೇಸಗೆಯಲ್ಲಿ ಆತನು ನ್ಯೂಯಾರ್ಕಿನ ಗ್ರೆನಿಚ್ ವಿಲೇಜಿನಲ್ಲಿ, ಕೆಫೆ ವಾ ಎಂಬ ನೆಲಮಾಳಿಗೆಯ ಕಾಫಿಶಾಲೆಯಲ್ಲಿ ನುಡಿಸುತ್ತಿದ್ದನು. ಅನಿಮಲ್ಸ್ ಎಂಬ ಆಂಗ್ಲ ವಾದ್ಯಗೋಷ್ಠಿಯ ಚಾಸ್ ಚಾಂಡ್ಲರನು ಅಲ್ಲಿ ಆತನನ್ನು ಕೇಳಿ, ಸಪ್ಟೆಂಬರ್ ೨೪ರಂದು ಲಂಡನ್ನಿಗೆ ಕರೆತಂದನು. ಒಂದು ವಾರದ ಪರವಾನಿಗೆಯ ಮೇಲೆ ಕಾಲಿಟ್ಟವನು, ಎಂಟನೆಯ ದಿನಕ್ಕೆ ಲಂಡನ್ನಿನ ಅತಿ ಪ್ರಸಿದ್ಧ ಗಿಟಾರುಗಾರನಾಗಿದ್ದ ಎರಿಕ್ ಕ್ಲಾಪ್ಟನನ ಗೋಷ್ಠಿಯೊಡನೆ ವೇದಿಕೆಯೇರಿ, ಕ್ಲಾಪ್ಟನನೇ ಬೆರಗಾಗಿ ನಿಲ್ಲುವಂತೆ ನುಡಿಸಿದನು. ನೋಯಲ್ ರೆಡಿಂಗ್ ಮತ್ತು ಡ್ರಮ್ಮಿನ ಮಿಚ್ ಮಿಚೆಲ್ ಎಂಬ ಇಬ್ಬರು ಆಂಗ್ಲರನ್ನು ಸೇರಿಸಿಕೊಂಡು ‘ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯನ್ಸ್’ ಎಂಬ ತ್ರಿಕೂಟವು ಸ್ಥಾಪಿತವಾಯಿತು.

‘ಕೆಂಪು ಮನೆ’ಯನ್ನು ಮೊದಲು ಮುದ್ರಿಸಿದುದು ಅದೇ ಡಿಸೆಂಬರಿನಲ್ಲಿ. ಅದು ನಾಲ್ಕು ನಿಮಿಷಕ್ಕೂ ಕಡಿಮೆಯದು. ರೆಡಿಂಗನು ಬಾಸಿಗೆ ಬದಲಾಗಿ ಸಾಮಾನ್ಯ ಗಿಟಾರಿನಲ್ಲಿಯೇ ಮಂದ್ರವನ್ನು ಹಿಡಿದುದರಿಂದ ಅದರ ನಾದದಲ್ಲಿ ಒಂದು ಹಳ್ಳಿಯ ಒರಟುತನವಿದೆ. ೧೯೬೭ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಪ್ರಥಮ ತಟ್ಟೆಯಲ್ಲಿ ಈ ಹಾಡಿತ್ತು. ಆಗಸ್ಟಿನಲ್ಲಿ ಅಮೇರಿಕದಲ್ಲಿ ಅದೇ ತಟ್ಟೆ ಹೊರಬಂದಾಗ ಈ ಹಾಡನ್ನು ಕೈಬಿಟ್ಟರು. ಬ್ಲೂಸ್ ಹುಟ್ಟಿದ ದೇಶದಲ್ಲಿ, ಆ ದೇಶದ ಕಪ್ಪು ಜನಾಂಗದವನೇ ಹಾಡಿದ ಬ್ಲೂಸಿಗೆ ಸ್ಥಳವಿಲ್ಲದೆ ಹೋಯಿತು! ೧೯೬೯ರವರೆಗೆ ಅಲ್ಲಿಯವರಿಗೆ ಅದು ತಟ್ಟೆಯಲ್ಲಿ ದೊರೆಯಲಿಲ್ಲ. ಸಭೆಗೆ ಹೋದವರು ಮಾತ್ರ ಕೇಳಿದರು.

ಅಮೇರಿಕವು ಆತನಲ್ಲಿ ಬಯಸಿದುದು ಬೇರೆಯದನ್ನು. ೧೯೬೭ರ ಜೂನ್ ೧೮ರಂದು ಕ್ಯಾಲಿಫೋರ್ನಿಯದ ಮಾಂಟೆರೇ ಉತ್ಸವದಲ್ಲಿ, ಕೊನೆಯ ಹಾಡು ಮುಗಿಯುತ್ತಿದ್ದಂತೆ ಗಿಟಾರಿಗೆ ಎಣ್ಣೆ ಸುರಿದು ಬೆಂಕಿ ಹಚ್ಚಿದನು. ಅಲ್ಲಿಂದ ಮುಂದೆ ಹೋದ ಊರೂರಿನಲ್ಲಿಯೂ ಜನರು ಕಾದುದು ಬೆಂಕಿಗಾಗಿ. ಒಂದು ಹೋಟೆಲು ಒಮ್ಮೆ ಮಸಾಲೆದೋಸೆಗೆ ಹೆಸರಾದರೆ, ಭಟ್ಟರು ಎಷ್ಟೇ ಚೆನ್ನಾಗಿ ಬೇರೆ ಅಡಿಗೆ ಮಾಡಿದರೂ ಗಿರಾಕಿಯು ದೋಸೆಯನ್ನೇ ಕೇಳುವನಲ್ಲವೆ? ಈ ಆಟಗಳಿಂದ ಆತನಿಗೆ ಬೇಸರ ಬಂದಿತ್ತು. ೧೯೬೮ರ ‘ಎಲೆಕ್ಟ್ರಿಕ್ ಲೇಡಿಲ್ಯಾಂಡ್’ ಎಂಬ ಜೋಡಿತಟ್ಟೆಯು ಅಮೇರಿಕದಲ್ಲಿ ಮಾರಾಟದ ಮೊದಲನೆಯ ಸ್ಥಾನಕ್ಕೇರಿದ ಮೇಲೂ ಸಭಿಕರ ಕೂಗು ಬದಲಾಗಲಿಲ್ಲ. ‘ಕೆಂಪು ಮನೆ’ಯ ಹೊತ್ತಿನಲ್ಲಿ ಮಾತ್ರ ಆಟಗಳು ಹಿಂದೆ ಸರಿಯುತ್ತಿದ್ದವು, ಆತನು ನಿಂತಲ್ಲಿ ನಿಂತು ನುಡಿಸುತ್ತಿದ್ದನು. ನಾಲ್ಕು ನಿಮಿಷದ ಹಾಡು ಹತ್ತು, ಹನ್ನೊಂದು, ಹದಿಮೂರು ನಿಮಿಷಗಳಿಗೆ ಬೆಳೆದುದು ಹೀಗೆ.

ಇನ್ನು ಆ ತರುಣರ ವಾದಕ್ಕೆ ಬರೋಣ.

ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ೧೯೬೯ರ ಫೆಬ್ರವರಿ ೨೪ರಂದು ನುಡಿಸಿದುದು ಗಂಭೀರವಾದುದು; ಮನೆತನಸ್ಥರ ಮದುವೆಯ ಊಟದಂತೆ ಎಲ್ಲವೂ ಕ್ರಮಪ್ರಕಾರವಾಗಿದೆ. ಆ ದಿನಗಳಲ್ಲಿ ಆತನು ಲಂಡನ್ನಿನ ಬ್ರೂಕ್ ಬೀದಿಯ ೨೩ನೆಯ ನಂಬ್ರದ ಕಟ್ಟಡದ ಮೇಲಂತಸ್ತಿನಲ್ಲಿ ವಾಸವಾಗಿದ್ದನು. ಕೆಳಗೆ ಒಂದು ರೆಸ್ಟೋರೆಂಟು. ಪಕ್ಕದ ೨೫ನೆಯ ಮನೆಯಲ್ಲಿ ಹದಿನೆಂಟನೆಯ ಶತಮಾನದ ಮಹಾಸಂಗೀತಕಾರ ಹ್ಯಾಂಡಲನು ಬಾಳಿ ತೀರಿಹೋಗಿದ್ದನು. ಇದು ತಿಳಿದಾಗ ಹೆಂಡ್ರಿಕ್ಸನು ಹ್ಯಾಂಡಲನ ತಟ್ಟೆಗಳನ್ನು ಕೊಂಡುತಂದು ಕೇಳಿದನು. ಇಂದು ಆ ಎರಡು ಮನೆಗಳನ್ನೂ ಸೇರಿಸಿ ಸಂಗ್ರಹಾಲಯ ಮಾಡಿದ್ದಾರೆ. ಹೆಂಡ್ರಿಕ್ಸನ ಕೋಣೆಗಳು ೨೦೧೬ರಲ್ಲಿ ಜನರಿಗೆ ತೆರೆದವು.

ಸ್ಯಾನ್ ಡಿಯೇಗೋದ ರಾತ್ರಿ ೧೯೬೯ರ ಮೇ ೨೪. ಅದಕ್ಕೆ ಮೂರು ವಾರಗಳ ಹಿಂದೆ ಟೊರಾಂಟೋದ ವಿಮಾನ ನಿಲ್ದಾಣದಲ್ಲಿ ಮಾದಕ ವಸ್ತುವಿನ ಆಪಾದನೆಯ ಮೇಲೆ ಆತನನ್ನು ಬಂಧಿಸಿದ್ದರು. ಮೊಕದ್ದಮೆಯ ಕತ್ತಿ ತಲೆಯ ಮೇಲಿತ್ತು. ಡಿಸೆಂಬರಿನಲ್ಲಿ ನಿರ್ದೋಷಿಯೆಂದು ತೀರ್ಪಾಯಿತಾದರೂ ಅಂದು ಅದು ಯಾರಿಗೆ ಗೊತ್ತು? ತ್ರಿಕೂಟದಲ್ಲಿಯೂ ಬಿರುಕು ಬಿಟ್ಟಿತ್ತು. ಮುಂದಿನ ತಿಂಗಳ ಕೊನೆಗೆ ಅದು ಒಡೆಯಿತು. ಅಂದಿನ ‘ಕೆಂಪು ಮನೆ’ ಸುಮಾರು ಹದಿಮೂರು ನಿಮಿಷದ್ದು. ಮೊದಲು ಆತನು ಅವಸರವಿಲ್ಲದೆ ಮಾತು ತೆಗೆಯುತ್ತಾನೆ. ಸುತ್ತಿನ ಮೇಲೆ ಸುತ್ತು ಏರುತ್ತ ಹೋಗಿ, ಇನ್ನು ಏರಲಾರದೆನ್ನುವಲ್ಲಿ ತಟ್ಟನೆ ಇಳಿದು, ಪಿಸುಮಾತಿನಷ್ಟು ಮೆಲ್ಲಗೆ ನುಡಿಸುತ್ತಾನೆ. ಮತ್ತೆ ನಡೆಯನ್ನೇ ಬದಲಾಯಿಸಿ ಮಿಚೆಲನ ಡ್ರಮ್ಮನ್ನು ಎಳೆದುಕೊಂಡು ಹೋಗುತ್ತಾನೆ. ಜಗಳವಾಡುತ್ತಿದ್ದ ಮನೆಯಲ್ಲಿ ಪೂಜೆಯ ದಿನ ಎಲ್ಲರೂ ಒಂದಾದಂತೆ ಮೂವರೂ ಒಂದೇ ಉಸಿರಿನಲ್ಲಿದ್ದಾರೆ. ಮೊದಲನೆಯ ತರುಣನ ಪಕ್ಷವೇ ಸರಿಯೆಂದು ನಾವು ತೀರ್ಪು ಕೊಡುತ್ತೇವೆ. ಬಲ್ಲವರಲ್ಲಿ ಹಲವರ ಮತವೂ ಇದೇ.

ಆದರೆ ನಾವು ಮತ್ತೆ ಮತ್ತೆ ಹಾಕಿಸಿ ಕೇಳುವುದು ಅದನ್ನಲ್ಲ. ೧೯೬೯ರ ಆಗಸ್ಟ್ ೧೮, ಸೋಮವಾರ ಬೆಳಿಗ್ಗೆ, ನ್ಯೂಯಾರ್ಕ್ ಸಂಸ್ಥಾನದ ವುಡ್‌ಸ್ಟಾಕ್ ಉತ್ಸವ. ಭಾನುವಾರ ರಾತ್ರಿಗೆ ಮುಗಿಯಬೇಕಾದುದು ಮಳೆಯಿಂದಲೂ ಅವ್ಯವಸ್ಥೆಯಿಂದಲೂ ಬೆಳಗಿನವರೆಗೆ ಎಳೆಯಿತು. ನಾಲ್ಕು ಲಕ್ಷಕ್ಕೂ ಮಿಕ್ಕಿ ನೆರೆದಿದ್ದ ಜನರಲ್ಲಿ ಬಹುಪಾಲು ಜನ ಕೆಸರು ತುಳಿಯುತ್ತ ಮನೆಗೆ ಹೊರಟುಹೋಗಿದ್ದರು. ಹೊಸದಾಗಿ ಕೂಡಿಸಿದ ಆರು ಜನರ ಗೋಷ್ಠಿ, ಅಭ್ಯಾಸ ಸಾಲದು. ‘ಕೆಂಪು ಮನೆ’ಯ ನಡುವೆ ಗಿಟಾರಿನ ಒಂದು ತಂತಿ ತುಂಡಾಯಿತು. ಆತನು ನಿಲ್ಲಿಸಲಿಲ್ಲ. ಉಳಿದ ಐದು ತಂತಿಗಳಲ್ಲಿ ದಾರಿ ಹುಡುಕಿಕೊಂಡು ಹಾಡನ್ನು ದಡ ಮುಟ್ಟಿಸಿದನು. ಕಸದ ರಾಶಿಯಲ್ಲಿ ಸಿಕ್ಕ ಒಂದೇ ತಂತಿಯ ಮೇಲೆ ವಿದ್ಯೆ ಕಲಿತವನಿಗೆ ಐದು ತಂತಿಗಳೇನು ಕಡಿಮೆ? ಸಂಗೀತವಾಗಿ ಇದು ಸ್ಯಾನ್ ಡಿಯೇಗೋದ ಸಮಕ್ಕೆ ಬಾರದು. ಗಿರಾಕಿ ತುಂಬಿರುವಾಗ ಒಲೆ ಕೈಕೊಟ್ಟ ದಿನವನ್ನು ಕಂಡವರು ಮಾತ್ರ ನಮ್ಮ ಮಾತನ್ನು ಒಪ್ಪಿಯಾರು. ಆ ಬೆಳಿಗ್ಗೆ ಆತನು ಗಿಟಾರಿನಲ್ಲಿ ನುಡಿಸಿದ ಅಮೇರಿಕದ ರಾಷ್ಟ್ರಗೀತೆಯು ಜಗತ್ಪ್ರಸಿದ್ಧವಾಗಿರುವುದರಿಂದ ತುಂಡಾದ ತಂತಿಯ ಮಾತನ್ನು ಎತ್ತುವವರು ಕಡಿಮೆ.

ನ್ಯೂಯಾರ್ಕಿನ ರ್‍ಯಾಂಡಲ್ಸ್ ದ್ವೀಪದ ಸಭೆ ೧೯೭೦ರ ಜುಲೈ ೧೭ರದು. ಆ ವೇಳೆಗೆ ಬಿಲ್ಲಿ ಕಾಕ್ಸನು ರೆಡಿಂಗನ ಸ್ಥಾನದಲ್ಲಿದ್ದನು. ಎರಡನೆಯ ತರುಣನಿಗೆ ಇದರ ಮೇಲೆ ಪ್ರಾಣ. ನಮಗೆ ಇದು ತುಸು ಒರಟೆನಿಸಿತು. ಸಿಟ್ಟಿನಲ್ಲಿ ಬಡಿಸಿದ ಊಟದಂತೆ. ಆಗಸ್ಟ್ ೩೧ರ ನಡುರಾತ್ರಿ ಕಳೆದ ಮೇಲೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನುಡಿಸಿದುದಂತೂ ಇನ್ನೊಂದು ಬಗೆ. ಅಂದು ಕಾವಲುಗಾರರ ನಿಸ್ತಂತು ಮಾತುಗಳು ಆತನ ಧ್ವನಿವರ್ಧಕದೊಳಕ್ಕೆ ನುಗ್ಗಿ ಕಿರಿಕಿರಿ ಮಾಡಿದವು. ಅಲ್ಲಿಯ ‘ಕೆಂಪು ಮನೆ’ಯಲ್ಲಿ ಆಯಾಸವಿದೆ. ಬಾಗಿಲು ತೆರೆಯುವುದಿಲ್ಲವೆಂದು ಮೊದಲೇ ಗೊತ್ತಿದ್ದು ಬಂದವನಂತೆ ಹಾಡುತ್ತಾನೆ.

ಆಯಾಸಕ್ಕೆ ಕಾರಣಗಳಿದ್ದವು. ೧೯೬೫ರ ಆ ಒಂದು ಡಾಲರಿನ ಕಾಗದವನ್ನು ಹಿಡಿದು ಚಾಲ್ಪಿನನು ಕೋರ್ಟಿಗೆ ಹೋಗಿದ್ದನು. ರಾಜಿಯಾಗಿ ಒಂದು ಇಡೀ ತಟ್ಟೆಯನ್ನೇ ಆತನ ಪಾಲಿಗೆ ಬಿಟ್ಟುಕೊಡಬೇಕಾಯಿತು; ೧೯೭೦ರಲ್ಲಿ ಹೊರಬಂದ ‘ಬ್ಯಾಂಡ್ ಆಫ್ ಜಿಪ್ಸೀಸ್’ ಅದೇ. ನ್ಯೂಯಾರ್ಕಿನಲ್ಲಿ ಆತನು ಕಟ್ಟಿಸುತ್ತಿದ್ದ ಸ್ವಂತ ಧ್ವನಿಮುದ್ರಣಶಾಲೆಗೆ ನೀರಿನಂತೆ ಹಣ ಬೇಕಾಗಿತ್ತು. ಆದುದರಿಂದ ಊರೂರು ತಿರುಗುವುದು ತಪ್ಪಲಿಲ್ಲ. ಮದ್ಯ ಮತ್ತು ಮಾದಕ ವಸ್ತುಗಳ ಚಟವೂ ಇತ್ತೆಂಬುದನ್ನು ನಾವು ಮರೆಮಾಚುವುದಿಲ್ಲ. ‘ಎಲೆಕ್ಟ್ರಿಕ್ ಲೇಡಿ’ ಎಂಬ ಆ ಶಾಲೆಯ ಪ್ರಾರಂಭೋತ್ಸವ ಆಗಸ್ಟ್ ೨೬ರಂದು ನಡೆಯಿತು. ಬಾಳಿನಲ್ಲಿ ಮೊದಲ ಸಲ ಬೀಗದ ಕೈ ಹೊಂದುವ ಒಂದು ಬಾಗಿಲು ಆತನಿಗೆ ದೊರಕಿತ್ತು. ಮರುದಿನವೇ ಯೂರೋಪಿನ ಸುತ್ತಾಟಕ್ಕೆಂದು ಇಂಗ್ಲೆಂಡಿಗೆ ಬಂದಿಳಿದನು. ತನ್ನ ಶಾಲೆಗೆ ಮರಳಲಿಲ್ಲ.

ಸಪ್ಟೆಂಬರ್ ೬ರಂದು ಜರ್ಮನಿಯ ಫೆಮರ್ನ್ ದ್ವೀಪದಲ್ಲಿ ಆತನ ಕೊನೆಯ ಸಭೆ. ಗಾಳಿಮಳೆಯಿಂದ ತಡವಾಗಿತ್ತು, ಕಾದು ರೋಸಿದ ಜನರು ಹಿಂದಿರುಗಿ ಹೋಗೆಂದು ಕೂಗಿದರು. ಅಂದೂ ‘ಕೆಂಪು ಮನೆ’ಯನ್ನು ಹಾಡಿದನು. ಹನ್ನೆರಡು ದಿನಗಳ ಮೇಲೆ, ಸಪ್ಟೆಂಬರ್ ೧೮ರಂದು, ಲಂಡನ್ನಿನ ಒಂದು ಹೋಟೆಲಿನ ಬಿಡಾರದಲ್ಲಿ ನಿದ್ರೆಗುಳಿಗೆಗಳನ್ನು ಅತಿಯಾಗಿ ಸೇವಿಸಿ, ಮೈಮೇಲೆ ಎಚ್ಚರವಿಲ್ಲದಿದ್ದಾಗ ವಾಂತಿಯು ಉಸಿರಿಗೆ ಅಡ್ಡವಾಗಿ ಮೃತನಾದನು. ವಿಚಾರಣೆ ನಡೆಸಿದ ಅಧಿಕಾರಿಯು ಇಂಥದೇ ಕಾರಣವೆಂದು ನಿರ್ಣಯಿಸದೆ ತೀರ್ಪನ್ನು ತೆರೆದೇ ಇಟ್ಟನು. ಅಕ್ಟೋಬರ್ ೧ರಂದು ಸಿಯಾಟಲಿನ ಹತ್ತಿರದ ರೆಂಟನ್ನಿನಲ್ಲಿ, ತಾಯಿಯನ್ನು ಮಣ್ಣು ಮಾಡಿದ ಸ್ಮಶಾನದಲ್ಲಿಯೇ, ಆತನನ್ನೂ ಮಣ್ಣು ಮಾಡಿದರು. ಮಿಚೆಲನೂ ರೆಡಿಂಗನೂ ಬಂದಿದ್ದರು.

ಸ್ಯಾನ್ ಡಿಯೇಗೋದ ‘ಕೆಂಪು ಮನೆ’ ೧೯೭೨ರಲ್ಲಿ ತಟ್ಟೆಯಾಗಿ ಹೊರಬಂದಿತು. ಮಗನ ಹಾಡುಗಳ ಹಕ್ಕುಗಳು ಇತರರ ಕೈ ಸೇರಿಹೋಗಿದ್ದವು. ತೋಟದ ಕೂಲಿ ಮಾಡಿದ ಆಲ್ ಹೆಂಡ್ರಿಕ್ಸನು ಮುದಿವಯಸ್ಸಿನಲ್ಲಿ ವ್ಯಾಜ್ಯ ಹೂಡಿ, ೧೯೯೫ರಲ್ಲಿ ಅವನ್ನು ಮರಳಿ ಪಡೆದನು. ಅದಕ್ಕೆ ಮುಂಚೆ, ೧೯೮೯ರಲ್ಲಿ, ಈ ಒಂದೇ ಹಾ‌ಡಿನ ಬೇರೆ ಬೇರೆ ರಾತ್ರಿಗಳನ್ನು ಸೇರಿಸಿ ಒಂದು ಧ್ವನಿಮುದ್ರಿಕೆಯನ್ನು ಹೊರತಂದಿದ್ದರು. ನಮ್ಮ ನಾಲ್ವರು ತರುಣರ ಜಗಳವೆಲ್ಲ ಅಲ್ಲಿಂದಲೇ ಹುಟ್ಟಿದ್ದೆಂದು ಆಮೇಲೆ ತಿಳಿಯಿತು. ಅದರ ಕೊನೆಯಲ್ಲಿ ಅದೇ ಹಾಡನ್ನು ಹಾಡಿರುವವನು ಹೆಂಡ್ರಿಕ್ಸನಲ್ಲ. ಮಿಸಿಸಿಪ್ಪಿಯ ಹತ್ತಿಯ ಸೀಮೆಯಲ್ಲಿ ಹುಟ್ಟಿದ ಮುದುಕ, ಬ್ಲೂಸ್ ಗಾಯಕ ಜಾನ್ ಲೀ ಹೂಕರ್.